ಫ್ಲೂ ಇಳಿದ ಮೇಲೆ ಮರಳಿ ಬಂದ ಜ್ವರ: ಮೊದಲೇ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ನ್ಯುಮೋನಿಯಾ ತಪ್ಪುತ್ತಿತ್ತೇ?

ಪ್ರಶ್ನೆ: ಶರಾವತಿ ತೀರ

ನಮ್ಮ ತಂದೆಯವರಿಗೆ ಎಪ್ಪತ್ತರ ಹತ್ತಿರದ ವಯಸ್ಸು. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಹಿಂದೆ ಬೀಡಿ ಸೇದುತ್ತಿದ್ದರು, ಈಗ ಬಿಟ್ಟಿದ್ದಾರೆ. ಈ ಮಳೆಗಾಲದಲ್ಲಿ ಮನೆಯ ಮಕ್ಕಳಿಗೆ ಬಂದ ನೆಗಡಿ ಜ್ವರ ಅವರಿಗೂ ತಗುಲಿ, ಮೈಕೈ ನೋವು, ಒಣಕೆಮ್ಮು ಮತ್ತು ಜೋರು ಜ್ವರದಿಂದ ಹಾಸಿಗೆ ಹಿಡಿದರು. ನಮ್ಮೂರಿನ ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಬೆರಳಿಗೆ ಆಕ್ಸಿಮೀಟರ್ ಹಾಕಿ, ಇದು ವೈರಸ್‌ನಿಂದ ಬಂದ ಫ್ಲೂ, ಸದ್ಯಕ್ಕೆ ಆ್ಯಂಟಿಬಯೋಟಿಕ್ ಬೇಡ, ಉಸಿರು ಹೆಚ್ಚಾದರೆ ಅಥವಾ ಇಳಿದ ಜ್ವರ ಮರಳಿದರೆ ತಡಮಾಡದೆ ಬನ್ನಿ ಎಂದು ಹೇಳಿ ಕಳಿಸಿದರು.

ಜ್ವರ ಇಳಿಯಿತು. ಗಂಜಿ ಬಿಟ್ಟು ಊಟ ಮಾಡುವಷ್ಟು ಚೇತರಿಸಿಕೊಂಡರು ಎಂದು ನಾವು ನೆಮ್ಮದಿಯಾಗಿದ್ದಾಗಲೇ ನಡುಕದೊಂದಿಗೆ ಜ್ವರ ಮತ್ತೆ ಬಂತು, ಉಸಿರೆಳೆದರೆ ಬಲ ಪಕ್ಕೆಯಲ್ಲಿ ಚುಚ್ಚುವ ನೋವು, ಕಫ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಬಲ ಶ್ವಾಸಕೋಶದ ಕೆಳಭಾಗದಲ್ಲಿ ಬ್ಯಾಕ್ಟೀರಿಯಾದ ನ್ಯುಮೋನಿಯಾ ಆಗಿದೆ ಎಂದು ಚುಚ್ಚುಮದ್ದು ಆರಂಭಿಸಿದರು. ಈಗ ಮನೆಗೆ ಬಂದಿದ್ದಾರೆ, ಸುಧಾರಿಸುತ್ತಿದ್ದಾರೆ.

ನೆಂಟರೆಲ್ಲ ಮೊದಲ ವೈದ್ಯರನ್ನು ದೂರುತ್ತಿದ್ದಾರೆ. ಮೊದಲ ದಿನವೇ ಒಂದು ಅಜಿತ್ರೊಮೈಸಿನ್ ಕೋರ್ಸ್ ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎನ್ನುವುದು ಅವರ ವಾದ. ನನಗೆ ತಿಳಿಯಬೇಕಾದದ್ದು ಇಷ್ಟು: ವೈರಸ್ ಸೋಂಕು ಬ್ಯಾಕ್ಟೀರಿಯಾ ಸೋಂಕಾಗಿ ಹೇಗೆ ಬದಲಾಯಿತು? ಮೊದಲೇ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಅದನ್ನು ತಡೆಯಬಹುದಿತ್ತೇ? ಕಫದ ಬಣ್ಣವನ್ನು ನೋಡಿ ನಾವೇ ಮನೆಯಲ್ಲಿ ಗುರುತಿಸಲು ಆಗುತ್ತದೆಯೇ?

ಉತ್ತರ: ಸೂಕ್ಷ್ಮದರ್ಶಕ

ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವವನು. ರೋಗಿಯನ್ನು ನೋಡದೆ ಚಿಕಿತ್ಸೆಯ ವಿಚಾರದಲ್ಲಿ ತೀರ್ಪು ಕೊಡಲಾರೆ. ಆದರೆ ನೀವು ಬರೆದ ವಿವರಗಳನ್ನು ಓದಿದರೆ ಇಬ್ಬರು ವೈದ್ಯರೂ ತಮ್ಮ ಮುಂದೆ ಆ ಹೊತ್ತಿಗೆ ಇದ್ದ ಕಾಯಿಲೆಯನ್ನು ಸರಿಯಾಗಿಯೇ ಗುರುತಿಸಿದ್ದಾರೆ ಎನಿಸುತ್ತದೆ. ವೈರಸ್ ಬ್ಯಾಕ್ಟೀರಿಯಾ ಆಗಿ ಬದಲಾಗುವುದಿಲ್ಲ. ಫ್ಲೂ ವೈರಸ್ ಬಂದು ಹೋದ ದಾರಿಯಲ್ಲಿ, ಅದುವರೆಗೆ ಮೂಗು ಗಂಟಲಲ್ಲಿ ತೆಪ್ಪಗಿದ್ದ ಬ್ಯಾಕ್ಟೀರಿಯಾ ಕೆಳಗಿಳಿದು ಶ್ವಾಸಕೋಶ ಸೇರಿದೆ.

ನಮ್ಮ ಶ್ವಾಸನಾಳದ ಒಳಗೋಡೆಯ ಜೀವಕೋಶಗಳ ಮೇಲೆ ಸೂಕ್ಷ್ಮ ರೋಮಗಳಿವೆ. ಗಾಳಿಗೆ ಭತ್ತದ ಪೈರು ಬಾಗುವಂತೆ ಅವು ಅಲೆಯಲೆಯಾಗಿ ಒಂದೇ ದಿಕ್ಕಿಗೆ ಬಾಗುತ್ತ, ಧೂಳು ಮತ್ತು ಸೂಕ್ಷ್ಮಜೀವಿಗಳು ಅಂಟಿಕೊಂಡ ಲೋಳೆಯನ್ನು ಹಗಲಿರುಳೂ ಗಂಟಲಿನ ಕಡೆಗೆ ತಳ್ಳುತ್ತವೆ. ಇನ್‌ಫ್ಲುಯೆಂಜಾ ವೈರಸ್ ಬೆಳೆಯುವುದು ಈ ರೋಮವಿರುವ ಜೀವಕೋಶಗಳಲ್ಲಿಯೇ. ಅವು ಸತ್ತು ಉದುರಿದ ಜಾಗ ಮತ್ತೆ ಸರಿಯಾಗಲು ವಾರಗಳೇ ಬೇಕು. ಫ್ಲೂ ವಾಸಿಯಾದ ಮೇಲೂ ಕೆಮ್ಮು ಬಹಳ ದಿನ ಬಿಡದಿರಲು ಇದೂ ಒಂದು ಕಾರಣ.

ಹಾನಿ ಇಷ್ಟಕ್ಕೇ ನಿಲ್ಲುವುದಿಲ್ಲ. ಈ ವೈರಸ್‌ನ ಮೈಮೇಲೆ ನ್ಯೂರಮಿನಿಡೇಸ್ ಎಂಬ ಕಿಣ್ವವಿದೆ. ಹೊಸ ವೈರಸ್‌ಗಳು ಜೀವಕೋಶದಿಂದ ಬಿಡಿಸಿಕೊಂಡು ಹೊರಡಲೆಂದು ಅದು ಜೀವಕೋಶದ ಮೇಲ್ಮೈಯಲ್ಲಿರುವ ಸಯಾಲಿಕ್ ಆಮ್ಲವೆಂಬ ಸಕ್ಕರೆಯ ಜಾತಿಯ ವಸ್ತುವನ್ನು ಕತ್ತರಿಸುತ್ತದೆ. ಹಾಗೆ ಕತ್ತರಿಸಿದಾಗ ನ್ಯೂಮೊಕಾಕಸ್ ಬ್ಯಾಕ್ಟೀರಿಯಾ ಅಂಟಿಕೊಳ್ಳಬಲ್ಲ ತಾಣಗಳು ಬಯಲಾಗುತ್ತವೆ. ಕತ್ತರಿಸಿ ಬಿದ್ದ ಸಯಾಲಿಕ್ ಆಮ್ಲ ಅದೇ ಬ್ಯಾಕ್ಟೀರಿಯಾಕ್ಕೆ ಆಹಾರವೂ ಆಗುತ್ತದೆ. ಇನ್ನು ದೇಹದ ರಕ್ಷಣೆಯ ಮಾತು. ವೈರಸ್ಸನ್ನು ಹತ್ತಿಕ್ಕಲೆಂದು ದೇಹವು ಬಿಡುಗಡೆ ಮಾಡುವ ಇಂಟರ್‌ಫೆರಾನ್‌ಗಳು ಆ ಕೆಲಸವನ್ನೇನೋ ಮಾಡುತ್ತವೆ, ಆದರೆ ಅದೇ ವೇಳೆಗೆ ಬ್ಯಾಕ್ಟೀರಿಯಾಗಳನ್ನು ನುಂಗುವ ಬಿಳಿಯ ಕಣಗಳ ಚುರುಕನ್ನು ಕೆಲಕಾಲ ತಗ್ಗಿಸುತ್ತವೆ ಎಂಬುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಆ ಪ್ರಯೋಗಗಳಲ್ಲಿ ಬ್ಯಾಕ್ಟೀರಿಯಾಕ್ಕೆ ಅತಿ ಸುಲಭವಾಗಿ ತುತ್ತಾಗುವ ಕಾಲ ಫ್ಲೂ ತಗುಲಿದ ಸುಮಾರು ಒಂದು ವಾರದ ನಂತರ, ಎಂದರೆ ರೋಗಿ ಇನ್ನೇನು ಗುಣವಾದ ಎಂದುಕೊಳ್ಳುವ ಹೊತ್ತಿಗೆ ಬರುತ್ತದೆ. ನಿಮ್ಮ ತಂದೆಯವರ ಕಾಯಿಲೆ ನಡೆದ ಕ್ರಮವೂ ಇದಕ್ಕೆ ಹೊಂದುತ್ತದೆ.

ಈ ಜೋಡಿಯನ್ನು ಅರ್ಥ ಮಾಡಿಕೊಳ್ಳಲು ವೈದ್ಯಲೋಕಕ್ಕೂ ಬಹಳ ಕಾಲ ಹಿಡಿಯಿತು. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಫ್ಲೂ ರೋಗಿಗಳ ಕಫದಲ್ಲಿ ಒಂದು ಪುಟ್ಟ ಬ್ಯಾಕ್ಟೀರಿಯಾವನ್ನು ಕಂಡು ಅದನ್ನೇ ಫ್ಲೂಗೆ ಕಾರಣವೆಂದು ಸಾರಿದರು. 1918ರ ಮಹಾಮಾರಿ ಬಂದಾಗ ಜಗತ್ತಿನ ಪ್ರಯೋಗಾಲಯಗಳೆಲ್ಲ ಅದನ್ನೇ ಹುಡುಕಿದವು; ಕೆಲವರಲ್ಲಿ ಅದು ಸಿಕ್ಕಿತು, ಕೆಲವರಲ್ಲಿ ನ್ಯೂಮೊಕಾಕಸ್, ಇನ್ನು ಕೆಲವರಲ್ಲಿ ಸ್ಟ್ರೆಪ್ಟೊಕಾಕಸ್ ಸಿಕ್ಕಿತು. ಆ ವರ್ಷ ಮುಂಬಯಿ ಬಂದರಿನ ಮೂಲಕ ಒಳಬಂದ ರೋಗ ಭಾರತದಲ್ಲಿ ಒಂದು ಕೋಟಿಗೂ ಮೀರಿ ಜನರನ್ನು ಕೊಂದಿತು. ಮೈಸೂರು ಸಂಸ್ಥಾನವೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ನಿಜವಾದ ಕಾರಣ ತಿಳಿದದ್ದು 1933ರಲ್ಲಿ: ಲಂಡನ್ನಿನಲ್ಲಿ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆ್ಯಂಡ್ರೂಸ್ ಮತ್ತು ಪ್ಯಾಟ್ರಿಕ್ ಲೈಡ್ಲಾ ಅವರು ರೋಗಿಗಳ ಗಂಟಲು ತೊಳೆದ ನೀರನ್ನು ಬ್ಯಾಕ್ಟೀರಿಯಾ ದಾಟಲಾರದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿ ಫೆರೆಟ್ ಎಂಬ ಪ್ರಾಣಿಗಳ ಮೂಗಿಗೆ ಹಾಕಿದಾಗ, ಅವುಗಳಿಗೆ ಫ್ಲೂ ಬಂತು. ಅಲ್ಲಿಂದ ಮುಂದೆ ಬ್ಯಾಕ್ಟೀರಿಯಾದ ಪಾತ್ರವನ್ನೇ ಮರೆಯುವಷ್ಟು ಗಮನ ವೈರಸ್ಸಿನ ಕಡೆಗೆ ವಾಲಿತು. 2008ರಲ್ಲಿ ಡೇವಿಡ್ ಮೊರೆನ್ಸ್, ಜೆಫ್ರಿ ಟೌಬೆನ್‌ಬರ್ಗರ್ ಮತ್ತು ಆ್ಯಂಟನಿ ಫೌಚಿ ಅವರು 1918–19ರಲ್ಲಿ ಸತ್ತ 58 ಜನರ ಶ್ವಾಸಕೋಶದ ತುಣುಕುಗಳನ್ನು ಹೊಸದಾಗಿ ಪರೀಕ್ಷಿಸಿ, ಆ ಕಾಲದ ಎಂಟು ಸಾವಿರಕ್ಕೂ ಹೆಚ್ಚು ಶವಪರೀಕ್ಷೆಗಳ ವರದಿಗಳನ್ನು ತಿರುವಿಹಾಕಿದ ಮೇಲೆ, ಹೆಚ್ಚಿನ ಸಾವುಗಳು ಫ್ಲೂವಿನ ಬೆನ್ನಿಗೇ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾದಿಂದ ಆದವು ಎಂದು ತೋರಿಸಿಕೊಟ್ಟರು.

ಹಾಗಿದ್ದರೆ ಮೊದಲೇ ಆ್ಯಂಟಿಬಯೋಟಿಕ್ ಕೊಡಬಹುದಲ್ಲ ಎಂಬ ಪ್ರಶ್ನೆ ಸಹಜ. ತೊಡಕಿಲ್ಲದ ಫ್ಲೂಗೆ ಮುಂಜಾಗ್ರತೆಯಾಗಿ ಆ್ಯಂಟಿಬಯೋಟಿಕ್ ಕೊಡಬೇಕೆಂದು ಯಾವ ಪ್ರಮುಖ ಮಾರ್ಗಸೂಚಿಯೂ ಹೇಳುವುದಿಲ್ಲ. ಫ್ಲೂ ಬಂದವರಲ್ಲಿ ನ್ಯುಮೋನಿಯಾಕ್ಕೆ ಹೋಗುವವರು ಕೆಲವರೇ; ಔಷಧಿ ಮಾತ್ರ ಎಲ್ಲರ ಹೊಟ್ಟೆಗೂ ಹೋಗುತ್ತದೆ. ಅದು ಮೊದಲು ಕೊಲ್ಲುವುದು ತನಗೆ ಮಣಿಯುವ ಬ್ಯಾಕ್ಟೀರಿಯಾಗಳನ್ನು, ಉಳಿಸುವುದು ಮಣಿಯದವನ್ನು. ಅಜಿತ್ರೊಮೈಸಿನ್ ವಿಷಯದಲ್ಲಿ ಇದು ಇನ್ನೂ ಹೆಚ್ಚು ನಿಜ, ಏಕೆಂದರೆ ಅದು ಮಾತ್ರೆ ನಿಲ್ಲಿಸಿದ ಮೇಲೂ ಬಹಳ ದಿನ ಅಂಗಾಂಶಗಳಲ್ಲಿ ಅಲ್ಪ ಪ್ರಮಾಣದಲ್ಲಿ ಉಳಿಯುತ್ತದೆ. ಆರೋಗ್ಯವಂತ ಸ್ವಯಂಸೇವಕರಿಗೆ ಈ ಗುಂಪಿನ ಔಷಧಿಯ ಒಂದೇ ಒಂದು ಕೋರ್ಸ್ ಕೊಟ್ಟು ನಡೆಸಿದ ಬೆಲ್ಜಿಯಂನ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅವರ ಬಾಯಿಯ ಸ್ಟ್ರೆಪ್ಟೊಕಾಕಸ್‌ಗಳಲ್ಲಿ ಹೆಚ್ಚಿದ ಪ್ರತಿರೋಧ ಆರು ತಿಂಗಳಾದರೂ ಪೂರ್ತಿ ಇಳಿದಿರಲಿಲ್ಲ. ಅಜಿತ್ರೊಮೈಸಿನ್‌ಗೆ ಜಗ್ಗದ ನ್ಯೂಮೊಕಾಕಸ್ ನಮ್ಮ ದೇಶದಲ್ಲಿ ಅಪರೂಪವೂ ಅಲ್ಲ. ಎಂದರೆ ನಿಮ್ಮ ನೆಂಟರು ಹೇಳುವ ಮಾತ್ರೆಯನ್ನು ಮೊದಲ ದಿನವೇ ಕೊಟ್ಟಿದ್ದರೂ ನ್ಯುಮೋನಿಯಾ ಬರಬಹುದಿತ್ತು, ಬಂದಾಗ ಚಿಕಿತ್ಸೆ ಇನ್ನಷ್ಟು ಕಠಿಣವಾಗಬಹುದಿತ್ತು.

ಮೊದಲ ಭೇಟಿಯಲ್ಲಿ ಯೋಚಿಸಬಹುದಾಗಿದ್ದ ಔಷಧಿ ಬೇರೆಯೇ ಇದೆ. ಒಸೆಲ್ಟಮಿವಿರ್ ಎಂಬ ವೈರಸ್‌ನಿರೋಧಕವು ಮೇಲೆ ಹೇಳಿದ ನ್ಯೂರಮಿನಿಡೇಸ್ ಕಿಣ್ವವನ್ನೇ ತಡೆಯುತ್ತದೆ. ಲಕ್ಷಣಗಳು ಶುರುವಾದ 48 ಗಂಟೆಗಳೊಳಗೆ ಕೊಟ್ಟರೆ ಹೆಚ್ಚು ಉಪಯುಕ್ತ. 65 ದಾಟಿದವರು, ಸಕ್ಕರೆ ಕಾಯಿಲೆಯವರು, ಗರ್ಭಿಣಿಯರಂಥವರಿಗೆ ಫ್ಲೂ ಎಂಬ ಬಲವಾದ ಅನುಮಾನವಿದ್ದಾಗ ಅದನ್ನು ಕೊಡುವುದು ವಾಡಿಕೆ. ಅದನ್ನು ಏಕೆ ಕೊಡಲಿಲ್ಲ ಎಂದು ವೈದ್ಯರನ್ನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯಾದೀತು.

ಉತ್ತರ: ತಾಲ್ಲೂಕು ವೈದ್ಯ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಅದು ಕಾಲೇಜಿನ ಕೊಠಡಿಯಿಂದ ಬಂದ ಮಾತು ಎಂಬುದನ್ನೂ ಹೇಳಬೇಕಾಗಿದೆ. ನನ್ನ ಬಳಿ ಬರುವ ರೋಗಿ ಕೂಲಿ ಬಿಟ್ಟು, ಬಸ್ಸಿಗೆ ಹಣ ಕೊಟ್ಟು ಬಂದಿರುತ್ತಾನೆ. ‘ಜ್ವರ ಮರಳಿದರೆ ಬಾ’ ಎಂದರೆ ಅವನು ಬರುತ್ತಾನೆಂಬ ಭರವಸೆ ನನಗಿಲ್ಲ. ಬಂದರೂ ಉಸಿರು ಕಟ್ಟಿದ ಮೇಲೆ ಬರುತ್ತಾನೆ. ಬೇಡದ ಕಡೆ ಆ್ಯಂಟಿಬಯೋಟಿಕ್ ಬರೆಯುವ ವೈದ್ಯರೆಲ್ಲ ತಿಳಿಯದವರೋ ದುರಾಸೆಯವರೋ ಅಲ್ಲ, ಬಹುಪಾಲು ಈ ಭಯವೇ ಅವರ ಕೈಯಿಂದ ಬರೆಸುತ್ತದೆ. ಕೋವಿಡ್‌ನ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆಸ್ಪತ್ರೆ ಸೇರಿದ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕೂ ಇದ್ದವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ ಎಂದು ಆ ಕಾಲದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಂಡುಬಂತು. ಹಾಗಿದ್ದೂ ಬಹುಪಾಲು ರೋಗಿಗಳಿಗೆ ಆ್ಯಂಟಿಬಯೋಟಿಕ್ ಕೊಡಲಾಗಿತ್ತು. ದೊಡ್ಡ ಆಸ್ಪತ್ರೆಗಳಲ್ಲೇ ಹೀಗಾದಾಗ, ಎಕ್ಸ್‌ರೇ ಯಂತ್ರ ಕೆಟ್ಟು ಕೂತಿರುವ ಕಡೆ ಏನಾಗಬಹುದು ಎಂದು ಊಹಿಸಿ. ಇದನ್ನು ಸಮರ್ಥಿಸಲು ಹೇಳುತ್ತಿಲ್ಲ. ನಿಮ್ಮ ಮೊದಲ ವೈದ್ಯರು ಆ ಭಯಕ್ಕೆ ಮಣಿಯದೆ, ಯಾವ ಲಕ್ಷಣ ಕಂಡರೆ ಮರಳಿ ಬರಬೇಕೆಂದು ಸ್ಪಷ್ಟವಾಗಿ ಹೇಳಿ ಕಳಿಸಿದ್ದು ಬರೀ ಮಾತ್ರೆ ಬರೆಯುವುದಕ್ಕಿಂತ ಕಷ್ಟದ ಕೆಲಸ, ಅದನ್ನು ನೆಂಟರಿಗೆ ತಿಳಿಸಿ.

ಕಫದ ಬಣ್ಣದ ಬಗ್ಗೆ ಕೇಳಿದ್ದೀರಿ. ಹಳದಿ ಹಸಿರು ಬಣ್ಣ ಬರುವುದು ಬ್ಯಾಕ್ಟೀರಿಯಾದಿಂದಲ್ಲ. ಸೋಂಕಿನ ಜಾಗಕ್ಕೆ ಧಾವಿಸುವ ನ್ಯೂಟ್ರೊಫಿಲ್ ಎಂಬ ಬಿಳಿರಕ್ತಕಣಗಳಲ್ಲಿರುವ ಹಸಿರು ಬಣ್ಣದ ಕಿಣ್ವದಿಂದ. ಸಾಮಾನ್ಯ ನೆಗಡಿಯಲ್ಲಿಯೂ ಮೂರ್ನಾಲ್ಕು ದಿನಕ್ಕೆ ಸಿಂಬಳ ಗಟ್ಟಿಯಾಗಿ ಹಳದಿಯಾಗುತ್ತದೆ, ತಾನಾಗಿಯೇ ತಿಳಿಯಾಗುತ್ತದೆ. ಆದ್ದರಿಂದ ಬಣ್ಣವೊಂದನ್ನೇ ನೋಡಿ ಔಷಧಿ ಅಂಗಡಿಗೆ ಹೋಗಬೇಡಿ. ತುಕ್ಕಿನ ಬಣ್ಣದ ಅಥವಾ ರಕ್ತ ಬೆರೆತ ಕಫದ ಮಾತು ಬೇರೆ, ಅದನ್ನು ಯಾವಾಗಲೂ ವೈದ್ಯರಿಗೆ ತೋರಿಸಬೇಕು.

ಬಣ್ಣಕ್ಕಿಂತ ಕಾಯಿಲೆ ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದು ಹೆಚ್ಚು ಹೇಳುತ್ತದೆ. ಇಳಿದ ಜ್ವರ ಮರಳುವುದು, ನಡುಕ, ಉಸಿರೆಳೆದಾಗ ಪಕ್ಕೆ ನೋವು, ಆಕ್ಸಿಜನ್ ಮಟ್ಟ 94ಕ್ಕಿಂತ ಕೆಳಗಿಳಿಯುವುದು, ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಉಸಿರಿನ ಎಣಿಕೆಯನ್ನು. ರೋಗಿ ಸುಮ್ಮನೆ ಮಲಗಿರುವಾಗ ಪೂರ್ತಿ ಒಂದು ನಿಮಿಷ ಎದೆಯ ಏರಿಳಿತವನ್ನು ಎಣಿಸಿ. ವಯಸ್ಕರಲ್ಲಿ ಅದು 30 ಮುಟ್ಟಿದರೆ ಕಾಯಿಲೆ ತೀವ್ರವಾಗಿದೆ ಎಂದೇ ಲೆಕ್ಕ. ಮನೆಯಲ್ಲಿ ಮಕ್ಕಳಿದ್ದಾರೆ ಎಂದು ಬರೆದಿದ್ದೀರಿ, ಅವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಹೀಗಿದೆ: ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40, ಇದನ್ನು ಮುಟ್ಟಿದರೂ ದಾಟಿದರೂ ವೇಗದ ಉಸಿರಾಟ. ಮುದುಕರಲ್ಲಿ ಇನ್ನೊಂದು ತೊಡಕಿದೆ, ನ್ಯುಮೋನಿಯಾ ಆದರೂ ಜ್ವರವೇ ಬರದಿರಬಹುದು. ಊಟ ಬಿಡುವುದು, ಮಂಕಾಗಿ ಮಲಗುವುದು, ಹೊತ್ತು ಗೊತ್ತಿಲ್ಲದೆ ಮಾತಾಡುವುದು, ಇಷ್ಟೇ ಕಾಣಿಸಬಹುದು. ವಯಸ್ಸಾಯಿತು ಎಂದು ಮನೆಯವರು ಅದನ್ನು ತಳ್ಳಿಹಾಕುತ್ತಾರೆ.

ಗಂಟಲು ನೋವಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇಂಥ ಚರ್ಚೆ ಓದಿ ಆ್ಯಂಟಿಬಯೋಟಿಕ್ ಎಂದರೇ ಬೇಡ ಎನ್ನುವವರೂ ಇದ್ದಾರೆ. ಶಾಲೆಗೆ ಹೋಗುವ ವಯಸ್ಸಿನ ಮಗುವಿಗೆ ಕೆಮ್ಮು ನೆಗಡಿ ಇಲ್ಲದೆ, ಜ್ವರ, ಟಾನ್ಸಿಲ್ ಮೇಲೆ ಕೀವು, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು ಇದ್ದರೆ ಅದು ಸ್ಟ್ರೆಪ್ಟೊಕಾಕಸ್ ಇರಬಹುದು. ಅದಕ್ಕೆ ಪೆನಿಸಿಲಿನ್ ಗುಂಪಿನ ಔಷಧಿಯನ್ನು ಪೂರ್ತಿ ಅವಧಿಗೆ ಕೊಡದಿದ್ದರೆ ಕೆಲವು ಮಕ್ಕಳಿಗೆ ವಾರಗಳ ನಂತರ ಕೀಲುವಾತದ ಜ್ವರ ಬಂದು ಹೃದಯದ ಕವಾಟ ಕೆಡುತ್ತದೆ. ಅಂಥ ಕವಾಟ ಹೊತ್ತು ಬಂದ ಗರ್ಭಿಣಿಯರನ್ನು ನಾನು ಇಂದಿಗೂ ನೋಡುತ್ತೇನೆ.

ಉತ್ತರ: ಪಡುವಣ ಕಡಲು

ಕರಾವಳಿಯ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವವಳು ನಾನು. ಕಫ ಪರೀಕ್ಷೆ ಮಾಡಿಸಿದ್ದೀರಾ ಎಂದು ಯಾರೂ ಕೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮಗೆ ಬರುವ ಕಫದ ಡಬ್ಬಿಗಳಲ್ಲಿ ಬಹಳಷ್ಟರಲ್ಲಿ ಇರುವುದು ಎಂಜಲು ಮಾತ್ರ. ಸೂಕ್ಷ್ಮದರ್ಶಕದಲ್ಲಿ ಕಡಿಮೆ ವರ್ಧನೆಯಲ್ಲಿ ನೋಡಿದಾಗ ಬಾಯಿಯ ಚರ್ಮಕೋಶಗಳು ಹತ್ತಕ್ಕಿಂತ ಕಡಿಮೆ, ಬಿಳಿರಕ್ತಕಣಗಳು 25ಕ್ಕಿಂತ ಹೆಚ್ಚು ಇದ್ದರೆ ಮಾತ್ರ ಅದು ಎದೆಯಿಂದ ಬಂದ ಕಫ ಎಂದು ನಂಬುತ್ತೇವೆ. ಇಲ್ಲವಾದರೆ ಬಾಯಲ್ಲಿ ನೆಲೆಸಿರುವ ನಿರುಪದ್ರವಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಅವಕ್ಕೆ ಔಷಧಿ ಬರೆಸಿದಂತಾಗುತ್ತದೆ. ಬೆಳಿಗ್ಗೆ ಎದ್ದೊಡನೆ ಬಾಯಿ ಮುಕ್ಕಳಿಸಿ, ಆಳವಾಗಿ ಕೆಮ್ಮಿ ತೆಗೆದ ಕಫ ಬೇಕು, ಅದೂ ಸಾಧ್ಯವಿದ್ದಷ್ಟು ಆ್ಯಂಟಿಬಯೋಟಿಕ್ ಆರಂಭವಾಗುವ ಮೊದಲು. ಅಂಗಡಿಯಿಂದ ತಂದ ಎರಡು ಮಾತ್ರೆ ನುಂಗಿ ಬಂದವರ ಕಫದಲ್ಲಿ ಅನೇಕ ಸಲ ಏನೂ ಬೆಳೆಯುವುದಿಲ್ಲ.

ಪ್ರಯೋಗಾಲಯದ ಶಕ್ತಿಯನ್ನು ಅತಿಯಾಗಿ ನಂಬುವುದೂ ಸರಿಯಲ್ಲ. ಅಮೆರಿಕದಲ್ಲಿ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ ಎರಡು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಲಭ್ಯವಿದ್ದ ಎಲ್ಲ ಬಗೆಯ ಪರೀಕ್ಷೆಗಳಿಗೆ ಒಳಪಡಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಶೇ. 62ರಷ್ಟು ಜನರಲ್ಲಿ ಯಾವ ರೋಗಾಣುವೂ ಪತ್ತೆಯಾಗಲಿಲ್ಲ. ಪತ್ತೆಯಾದವರಲ್ಲಿ ಬ್ಯಾಕ್ಟೀರಿಯಾಕ್ಕಿಂತ ವೈರಸ್ಸೇ ಹೆಚ್ಚು. ನ್ಯುಮೋನಿಯಾ ಎಂದರೆ ಬ್ಯಾಕ್ಟೀರಿಯಾ, ನೆಗಡಿ ಎಂದರೆ ವೈರಸ್ ಎಂಬ ಲೆಕ್ಕಾಚಾರ ಅಷ್ಟು ಸಲೀಸಲ್ಲ.

ನಿಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆ, ಕಾಯಿಲೆ ಬಿದ್ದದ್ದು ಮಳೆಗಾಲದಲ್ಲಿ. ಉಡುಪಿ, ದಕ್ಷಿಣ ಕನ್ನಡದ ಕಡೆ ಇಂಥ ರೋಗಿ ಬಂದರೆ ನಾವು ಮೆಲಿಯಾಯ್ಡೋಸಿಸ್ ಎಂಬ ಹೆಸರನ್ನು ಮರೆಯುವುದಿಲ್ಲ. 1912ರಲ್ಲಿ ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಮೊದಲು ವಿವರಿಸಿದ ಈ ರೋಗದ ಬ್ಯಾಕ್ಟೀರಿಯಾ ಒದ್ದೆ ಮಣ್ಣಿನಲ್ಲಿ, ಗದ್ದೆಯ ಕೆಸರಿನಲ್ಲಿ ಬದುಕುತ್ತದೆ. ಗಾಯದ ಮೂಲಕವೂ ಉಸಿರಿನ ಮೂಲಕವೂ ಒಳಸೇರುತ್ತದೆ. ಹೆಚ್ಚಾಗಿ ಹಿಡಿಯುವುದು ಸಕ್ಕರೆ ಕಾಯಿಲೆಯವರನ್ನೇ. ಎಕ್ಸ್‌ರೇಯಲ್ಲಿ ಅದು ಸಾಮಾನ್ಯ ನ್ಯುಮೋನಿಯಾದಂತೆಯೂ ಕಾಣಬಹುದು, ಕ್ಷಯದಂತೆಯೂ ಕಾಣಬಹುದು, ಜೊತೆಗೆ ಯಕೃತ್ತು ಅಥವಾ ಗುಲ್ಮದಲ್ಲಿ ಕೀವಿನ ಗಡ್ಡೆಗಳಿರಬಹುದು. ನಿತ್ಯ ಬಳಸುವ ಅನೇಕ ಆ್ಯಂಟಿಬಯೋಟಿಕ್‌ಗಳಿಗೆ ಅದು ಬಗ್ಗುವುದಿಲ್ಲ. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಚುಚ್ಚುಮದ್ದನ್ನು ಕನಿಷ್ಠ ಎರಡು ವಾರದ ಹತ್ತಿರ ಕೊಟ್ಟು, ಆಮೇಲೆ ತಿಂಗಳುಗಟ್ಟಲೆ ಮಾತ್ರೆ ಮುಂದುವರಿಸಬೇಕಾಗುತ್ತದೆ. ನಿಮ್ಮ ತಂದೆಯವರು ಚಿಕಿತ್ಸೆಗೆ ಬೇಗ ಸ್ಪಂದಿಸಿದ್ದರಿಂದ ಅವರಿಗೆ ಇದು ಇರಲಾರದು. ಆದರೆ ಜ್ವರ ಮತ್ತೊಮ್ಮೆ ಮರಳಿದರೆ ರಕ್ತ ಮತ್ತು ಕಫದ ಕಲ್ಚರ್ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾಡಿಸದೆ ಬರೀ ಔಷಧಿ ಬದಲಾಯಿಸುತ್ತ ಹೋಗಲು ಒಪ್ಪಬೇಡಿ.

ಕ್ಷಯವನ್ನೂ ಮರೆಯಬಾರದು. ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಕೇಂದ್ರಗಳಲ್ಲಿ ಕಫ ಪರೀಕ್ಷೆ ಉಚಿತ. ಲೆವೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯೋಟಿಕ್ಕನ್ನು ಕ್ಷಯವಿರಬಹುದೇ ಎಂದು ನೋಡದೆ ಕೊಟ್ಟರೆ ರೋಗಿಗೆ ಕೆಲವು ದಿನ ಹಾಯೆನಿಸುತ್ತದೆ, ಏಕೆಂದರೆ ಅದು ಕ್ಷಯದ ಬ್ಯಾಕ್ಟೀರಿಯಾವನ್ನೂ ಸ್ವಲ್ಪ ಅದುಮುತ್ತದೆ, ಪತ್ತೆಯಾಗುವುದು ತಡವಾಗುತ್ತದೆ.

ಶರಾವತಿ ತೀರ

ಮೂವರಿಗೂ ಧನ್ಯವಾದಗಳು. ನೆಂಟರಿಗೆ ಇದನ್ನು ಓದಿಸಿದ್ದೇನೆ. ಒಬ್ಬರು ಮಾತ್ರ ಇನ್ನೂ ಒಪ್ಪಿಲ್ಲ. ಕಫದ ಕಲ್ಚರ್‌ನಲ್ಲಿ ನ್ಯೂಮೊಕಾಕಸ್ ಬಂದಿತ್ತು ಎಂದು ಬಿಡುಗಡೆ ಪತ್ರದಲ್ಲಿ ಇದೆ, ಮೊದಲು ಗಮನಿಸಿರಲಿಲ್ಲ. ಇನ್ನು ಮುಂದೆ ತಡೆಯಲು ಲಸಿಕೆ ಹಾಕಿಸಬೇಕೆಂದರೆ ಯಾವುದನ್ನು, ಯಾವಾಗ? ಒಮ್ಮೆ ನ್ಯುಮೋನಿಯಾ ಬಂದು ಹೋದ ಮೇಲೆ ಅದರ ಅಗತ್ಯ ಇರುತ್ತದೆಯೇ?

ಉತ್ತರ: ಸೂಕ್ಷ್ಮದರ್ಶಕ

ಅಗತ್ಯ ಇದೆ. ನ್ಯೂಮೊಕಾಕಸ್‌ನ ಹೊರಕವಚದ ಆಧಾರದ ಮೇಲೆ ನೂರಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಒಂದು ಬಗೆಯಿಂದ ಕಾಯಿಲೆ ಬಂದು ಹೋದರೆ ಉಳಿದವುಗಳ ವಿರುದ್ಧ ರಕ್ಷಣೆ ಸಿಗುವುದಿಲ್ಲ. ವಯಸ್ಕರಿಗೆ ಕಾಂಜುಗೇಟ್ (ಕವಚದ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿದ) ಲಸಿಕೆಗಳೂ 23 ಬಗೆಗಳ ಪಾಲಿಸ್ಯಾಕರೈಡ್ (ಬರೀ ಕವಚದ ಸಕ್ಕರೆಯ) ಲಸಿಕೆಯೂ ಇವೆ. ಯಾವುದು, ಯಾವ ಕ್ರಮದಲ್ಲಿ ಎಂಬುದನ್ನು ನಿಮ್ಮ ವೈದ್ಯರು ಲಭ್ಯತೆ ಮತ್ತು ಬೆಲೆ ನೋಡಿ ನಿರ್ಧರಿಸಲಿ. ಪೂರ್ತಿ ಚೇತರಿಸಿಕೊಂಡ ಮೇಲೆ ಹಾಕಿಸಿದರೆ ಸಾಕು. ಫ್ಲೂ ಲಸಿಕೆ ಮಾತ್ರ ಪ್ರತಿವರ್ಷ ಬೇಕು, ಏಕೆಂದರೆ ವೈರಸ್ ರೂಪ ಬದಲಿಸುತ್ತಿರುತ್ತದೆ. ನಮ್ಮ ಕಡೆ ಫ್ಲೂ ಮಳೆಗಾಲದಲ್ಲಿ ಏರುವುದರಿಂದ ಏಪ್ರಿಲ್ ಮೇ ತಿಂಗಳಲ್ಲಿ ಹಾಕಿಸುವುದು ಒಳ್ಳೆಯದು, ರಕ್ಷಣೆ ಮೂಡಲು ಎರಡು ವಾರ ಹಿಡಿಯುತ್ತದೆ. ಫ್ಲೂ ತಡೆದರೆ ಅದರ ಬೆನ್ನಿಗೆ ಬರುವ ನ್ಯುಮೋನಿಯಾವನ್ನೂ ಒಂದಿಷ್ಟು ತಡೆದಂತೆ.

ಮಕ್ಕಳ ಲಸಿಕೆ ಕಾರ್ಡನ್ನೂ ತೆಗೆದು ನೋಡಿ. ನ್ಯೂಮೊಕಾಕಸ್ ಹೆಚ್ಚಾಗಿ ಬೀಡುಬಿಡುವುದು ಪುಟ್ಟ ಮಕ್ಕಳ ಮೂಗು ಗಂಟಲಿನಲ್ಲಿ. ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ನ್ಯೂಮೊಕಾಕಲ್ ಕಾಂಜುಗೇಟ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶವಿಡೀ ವಿಸ್ತರಿಸಿತು, ಶಿಶುಗಳಿಗೆ ಉಚಿತವಾಗಿ ಸಿಗುತ್ತದೆ. ಈ ಲಸಿಕೆ ಹಾಕಿದ ದೇಶಗಳಲ್ಲಿ ಮಕ್ಕಳಲ್ಲಷ್ಟೇ ಅಲ್ಲದೆ, ಲಸಿಕೆ ಪಡೆಯದ ಅಜ್ಜ ಅಜ್ಜಿಯರಲ್ಲಿಯೂ ಆ ಬಗೆಗಳ ತೀವ್ರ ಕಾಯಿಲೆ ಕಡಿಮೆಯಾಯಿತು.

ಇನ್ನೊಂದು ವಿಷಯ. ತಂದೆಯವರು ಹಿಂದೆ ಬೀಡಿ ಸೇದುತ್ತಿದ್ದರು ಎಂದಿದ್ದೀರಿ. ಐವತ್ತು ದಾಟಿದ, ಹೊಗೆ ಸೇದಿದ್ದವರಲ್ಲಿ ಕೆಲವೊಮ್ಮೆ ಶ್ವಾಸನಾಳವನ್ನು ಅಡ್ಡಗಟ್ಟಿದ ಗಡ್ಡೆಯ ಹಿಂದೆ ನ್ಯುಮೋನಿಯಾ ಆಗಿರುತ್ತದೆ, ಮೊದಲ ಎಕ್ಸ್‌ರೇಯ ಬಿಳುಪಿನಲ್ಲಿ ಅದು ಕಾಣದೆ ಉಳಿಯಬಹುದು. ಆದ್ದರಿಂದ ಸುಮಾರು ಆರು ವಾರಗಳ ನಂತರ ಇನ್ನೊಂದು ಎಕ್ಸ್‌ರೇ ತೆಗೆಸಿ, ಹಳೆಯದನ್ನೂ ಜೊತೆಗೆ ಒಯ್ದು ತೋರಿಸಿ. ಅದಕ್ಕೂ ಮೊದಲು ಅವಸರಪಟ್ಟು ತೆಗೆಸಿದರೆ ಪ್ರಯೋಜನವಿಲ್ಲ. ರೋಗಿ ಗುಣವಾಗಿ ಓಡಾಡುತ್ತಿದ್ದರೂ ವಯಸ್ಸಾದವರ ಎಕ್ಸ್‌ರೇ ತಿಳಿಯಾಗಲು ಅಷ್ಟು ಕಾಲ ಬೇಕಾಗುತ್ತದೆ.